ಮಿಲ್ಲು ಐತಾ?

ಷಟರಿನ ಮೇಲೆ ಇನ್ನೂ ಅದೇ ಬರಹ:
ರಾಗಿ, ಗೋಧಿ, ಖಾರದಪುಡಿ
ಶುಚಿಯಾಗಿ ಬೀಸಿಕೊಡಲಾಗುವುದು,
ಕೆಳಗೆ ಸಣ್ಣದಾಗಿ, ಮೈಸೂರು–೨೧.
ಅಳಿಸೋಣ ಅಂದಳು ರೋಸ್ಲಿನ್,
ಕೈಯಲ್ಲಿ ಸ್ಪ್ರೇ ಡಬ್ಬಿ ಕುಲುಕುತ್ತ.
ಬೇಡ ಅಂದೆ. ಆ ‘ಖಾ’ ನೋಡು,
ಉಂಡೆದ್ದವನ ಹಾಗೆ ಹೊಟ್ಟೆ ಮುಂದೆ ಮಾಡಿ ನಿಂತಿದೆ.
ಬರೆದವರನ್ನು ಹುಡುಕಿಕೊಂಡು ಹೋದೆವು.

ಮುನೀರ್ ಸಾಬರು ಸಿಕ್ಕಿದ್ದು
ಮಂಡಿ ಮೊಹಲ್ಲಾದ ಹಿಂದಿನ ಗಲ್ಲಿಯಲ್ಲಿ.
ಫ್ಲೆಕ್ಸ್ ಬಂದ ವರ್ಷ ಬ್ರಷ್ಷು ತೊಳೆದಿಟ್ಟವರು,
ಈಗ ಮೊಮ್ಮಗನ ಪಂಕ್ಚರ್ ಅಂಗಡಿಯಲ್ಲಿ
ಟ್ಯೂಬು ನೀರಿಗದ್ದಿ ಗುಳ್ಳೆ ಹುಡುಕುತ್ತಾರೆ.
ಗ್ಯಾಲರಿಯಾ? ಚಪ್ಪಲಿ ಹೊರಗೆ ಬಿಡಬೇಕಾ? ಅಂದರು.
ನಮ್ಮದು ಸಿಮೆಂಟು ನೆಲ ಸಾಬರೇ, ಅದೂ ಬಿರಿದಿದೆ.
‘ನಾಳೆ ಏಣಿ ತರ್ತೀನಿ.’

ಪಾಲಿಕೆಯವರು ಕೇಳಿದರು: ಯಾವ ವ್ಯಾಪಾರ?
ಹಾಡು, ಗೋಡೆ, ಚಿತ್ರ, ಸ್ವಲ್ಪ ಟೀ ಅಂದೆ.
ಆ ಕಾಲಂ ಇಲ್ಲ.
ಹಾಗಾಗಿ ಕಾಗದದಲ್ಲಿ ಇವತ್ತಿಗೂ ನಾವು ಹಿಟ್ಟಿನ ಮಿಲ್ಲು,
ಮೂರು ಫೇಸಿನ ಕರೆಂಟು.
ಸ್ಪೀಕರುಗಳಿಗೆ ಅದೇ ಒಳ್ಳೆಯದಾಯಿತು.

ಮೊದಲ ಸಂಜೆ
ಕೆಂಪಸಿದ್ದ ಬಾಗಿಲಾಚೆ ರದ್ದಿ ಪೇಪರು ಉರಿಸಿ
ತಮಟೆ ಕಾಯಿಸಿದ,
ತಟ್ಟಿ, ಕಿವಿಯಿಟ್ಟು, ಮತ್ತೆ ಕಾಯಿಸಿದ.
ಮೈಕು ಹಿಡಿದವನು ಗಾಂಧಿನಗರದ ಚಲುವ,
ಹಗಲೆಲ್ಲ ಊಟದ ಪಾರ್ಸೆಲ್ಲು ಹಂಚುವ ಹುಡುಗ.
ಮೆಟ್ಟಿಲು ಹತ್ತುವಾಗ ಪ್ರಾಸ ಕಟ್ಟುತ್ತಾನಂತೆ,
ಲಿಫ್ಟಿರುವ ಮನೆಗಳಲ್ಲಿ ಸಾಲು ಅರ್ಧಕ್ಕೇ ನಿಲ್ಲುತ್ತದಂತೆ.
ಬೇಸು ಬಡಿದದ್ದೇ ತಡ
ತೊಲೆಯ ಮೇಲೆ ನಲವತ್ತು ವರ್ಷದಿಂದ ಕೂತಿದ್ದ ಹಿಟ್ಟು
ಸಣ್ಣಗೆ ಉದುರತೊಡಗಿತು,
ತಲೆಗೆ, ತಮಟೆಗೆ, ಇನ್ನೂ ಒಣಗದ ಬಣ್ಣಕ್ಕೆ.
ಹಿಂದೆಯೇ ಖಾರದಪುಡಿ.
ಮೂವತ್ತು ಜನ ಒಟ್ಟಿಗೆ ಸೀನಿದರು.
ಚಲುವ ನಿಲ್ಲಿಸಲಿಲ್ಲ,
ಸೀನನ್ನೂ ತಾಳಕ್ಕೆ ಕೂರಿಸಿಕೊಂಡು ಮುಂದೆ ಹೋದ.
ರೋಸ್ಲಿನ್ ಬರೆದ ಕರಿ ಟಾಂಗಾ ಕುದುರೆ
ಬೆಳಗಾಗುವಷ್ಟರಲ್ಲಿ ನರೆತಿತ್ತು.
ಹಾಗೇ ಬಿಟ್ಟಳು.

ಮೂರನೆಯ ದಿನ ದೊಡ್ಡತಾಯಮ್ಮ ಬಂದರು,
ಸೊಂಟದಲ್ಲಿ ರಾಗಿಯ ಡಬ್ಬ.
‘ಮಿಲ್ಲು ಐತಾ?’
ಇಲ್ಲ ಅನ್ನುವುದರೊಳಗೆ ಗೋಡೆಗೆ ಒರಗಿಸಿ
‘ಸಾಲ್ನಲ್ಲಿರ್ಲಿ, ಸಂಜೆ ಬತ್ತೀನಿ’
ಹೊರಟೇಹೋದರು.
ಸಾಲು ಕಂಡ ಬೀದಿ ಸುಮ್ಮನಿರುತ್ತದೆಯೇ?
ಮಧ್ಯಾಹ್ನಕ್ಕೆ ಏಳು ಡಬ್ಬ:
ಎಣ್ಣೆಯದು, ಬಿಸ್ಕತ್ತಿನದು, ಒಂದು ಪೇಂಟಿನ ಬಕೀಟು,
ಮುಚ್ಚಳದ ಮೇಲೆ ಮೊಳೆಯಲ್ಲಿ ಕೊರೆದ ಹೆಸರು.

ಬೆಂಗಳೂರಿನಿಂದ ಕಾರಲ್ಲಿ ಬಂದವರೊಬ್ಬರು
ಅವುಗಳ ಮುಂದೆ ಬಹಳ ಹೊತ್ತು ನಿಂತರು,
ಒಮ್ಮೆ ಕುಕ್ಕರಗಾಲಲ್ಲಿ ಕೂತೂ ನೋಡಿದರು.
ಕಲಾವಿದರು ಯಾರು? ಬೆಲೆ ಏನು?
ಮುನೀರ್ ಸಾಬರು ಏಣಿಯ ಮೇಲಿಂದಲೇ
‘ಬೀಸಿದರೆ ಕೇಜಿಗೆ ಎಂಟು ರೂಪಾಯಿ’ ಅಂದರು.

ನಗು ಮುಗಿದ ಮೇಲೆ ನೋಡಿದರೆ
ಡಬ್ಬಗಳು ಅಲ್ಲೇ ಇವೆ, ಕಾಳು ಕಾಳಾಗಿಯೇ.
ಬೀಸುವ ಯಂತ್ರವನ್ನು ಗುಜರಿಗೆ ತೂಗಿ
ನಾವೇ ಅಲ್ಲವೇ ಸ್ಪೀಕರು ಕೊಂಡದ್ದು.
ಯಾರೂ ಆ ಮಾತು ಆಡಲಿಲ್ಲ.
ಚಲುವ ಊಟದ ಚೀಲ ಕೊಡವಿ
ಡಬ್ಬ ಎರಡೆರಡಾಗಿ ಇಳಿಸಿಕೊಂಡು
ತಿಲಕನಗರದ ಮಿಲ್ಲಿಗೆ ನಾಲ್ಕು ಟ್ರಿಪ್ಪು ಹೊಡೆದ.

ಸಂಜೆ ಗೋಡೆಯುದ್ದಕ್ಕೂ ಬಿಸಿ ಹಿಟ್ಟು.
ಬಣ್ಣದ ವಾಸನೆ ಸರಿದು ದಾರಿ ಬಿಟ್ಟಿತು.
ಕೆಂಪಸಿದ್ದ ತಮಟೆಯನ್ನು ಡಬ್ಬಕ್ಕೆ ಒತ್ತಿ
ಈ ಶಾಖ ಸಾಕಾಗಲ್ಲ ಅಂದ,
ಆದರೂ ಹಿಡಿದೇ ಇದ್ದ.
ದೊಡ್ಡತಾಯಮ್ಮ ಮುಚ್ಚಳ ತೆಗೆದು
ಚಿಟಿಕೆ ಹಿಟ್ಟು ಬೆರಳಲ್ಲಿ ತಿಕ್ಕಿ ನೋಡಿದರು,
ನರೆತ ಕುದುರೆ ನೋಡಿದರು,
ಚಲುವನ ಕಡೆ ತಿರುಗಿದರು.
‘ತರಿ ಬಿಟ್ಟಿದೀಯ. ಮುದ್ದೆ ಗಂಟಾಯ್ತದೆ.’
ಮುಚ್ಚಳ ಒತ್ತಿ, ಡಬ್ಬದ ಮೇಲೇ ಕೂತು
‘ಅದೇನೋ ಹೇಳಿದ್ಯಂತಲ್ಲ ಅವತ್ತು,
ಎಲ್ರೂ ಸೀನೋ ಹಂಗೆ.
ಹೇಳು’ ಅಂದರು.