ಬಾಗಿಲ ಬಳಿಯ ಕುರ್ಚಿ

ನನಗೆ ಶ್ರುತಿ ನಿಲ್ಲದು.
ಅದಕ್ಕೇ ಈ ಕುರ್ಚಿ, ಹಾಜರಿ ಪುಸ್ತಕ.

ಡೊಂಬಿವಲಿ. ಹಿಟ್ಟಿನ ಗಿರಣಿಯ ಮೇಲಿನ ಕೋಣೆ.
ಬಾಗಿಲು ಮುಚ್ಚದಂತೆ
ಹಾರ್ಮೋನಿಯಂ ಪೆಟ್ಟಿಗೆ ಅಡ್ಡ.
ಗಿರಣಿಯ ಸದ್ದು ಬರುತ್ತದೆ. ಬರಲಿ.

ಯಶೋಧರನಿಗೆ ನಲವತ್ತೊಂದು;
ಗಡಿಯಾರ ಓದಲು ಬಾರದು,
ಮಂದ್ರದಲ್ಲಿ ಅವನ ಮೀರುವವರಿಲ್ಲ.
ಅಕ್ಕ ಸಹಿ ಹಾಕದೆ ಮೆಟ್ಟಿಲಿಳಿಯುವಂತಿಲ್ಲ.

ಮೊನ್ನೆ ಸುವರ್ಣ ಮಾಸ್ಟ್ರು,
'ಲೋಕಲ್ ತಡವಂತೆ ಇವಳಮ್ಮನಿಗೆ,
ಸಾನಿಕಾಳನ್ನು ಕಾರಲ್ಲಿ ನಾನೇ ಬಿಡುತ್ತೇನೆ.'
ಬೇಡ ಅಂದೆ.
'ಇಪ್ಪತ್ತು ವರ್ಷದಿಂದ ಬಲ್ಲೆಯಲ್ಲ ನನ್ನ!'
ನಾನು ಬಲ್ಲೆ ಮಾಸ್ಟ್ರೇ,
ಈ ಪುಸ್ತಕ ಯಾರನ್ನೂ ಬಲ್ಲದು.
ಚಪ್ಪಲಿ ಮೆಟ್ಟಿ ಹೊರಟೇಹೋದರು.

ಒಂಬತ್ತೂವರೆ. ಗಿರಣಿ ನಿಂತಿತು.
ಮೆಟ್ಟಿಲ ಮೇಲೆ ಹುಡುಗಿ, ನಾನು, ಪಕ್ಕದ ಸಾಳ್ವಿ ಕಾಕೂ.
'ಆಂಟಿ, ನೀವೂ ಹಾಡಿ.'
ಹಾಡಿದೆ. ಬಿದ್ದುಬಿದ್ದು ನಕ್ಕಳು.
ಮತ್ತೂ ಹಾಡಿದೆ,
ಅವಳಮ್ಮ ಬಂದು ಸಹಿ ಹಾಕುವವರೆಗೂ,
ಅಪಸ್ವರದಲ್ಲೇ.