ಉಪಮೆಯ ಕೀಲು

ಗಾಳಿ ಹುಚ್ಚೆದ್ದ ದಿನ ಬೀದಿಗೆ ಹಗ್ಗ ಕಟ್ಟುವ ಊರು
ನಮ್ಮ ಪುಂತಾ ಅರೇನಾಸ್,
ಜನ ಹಿಡಿದು ನಡೆಯಲಿಕ್ಕೆ.
ಅಂಥದೇ ದಿನ ಆರನೆಯ ತರಗತಿಗೆ ಪಾಠ ಬಂತು:
ಪ್ರೇಮಕವಿತೆ ಮತ್ತು ಅಲಂಕಾರ.

ಹಲಗೆಯ ಮೇಲೆ ಬರೆದೆ:
ಪ್ರೀತಿ, ಕೋಮೋ… ಬಿಟ್ಟ ಸ್ಥಳ ತುಂಬಿರಿ.
'ಕೋಮೋ ಅಂದರೆ ಹಾಗೆ, ಮಕ್ಕಳೇ. ಉಪಮೆಯ ಕೀಲು ಇದೇ.'
ಹಿಂದಿನ ಬೆಂಚಿನ ಎರಿಬೆರ್ತೊ ಎದ್ದು ನಿಂತ:
'ಕೋಮೋ ಅಂದರೆ ತಿನ್ನುತ್ತೇನೆ ಅಂತಲೂ ಇದೆ, ಟೀಚರ್.'

ಇದೆ. ನಮ್ಮ ಸ್ಪ್ಯಾನಿಷಿನಲ್ಲಿ ಎರಡಕ್ಕೂ ಒಂದೇ ಮಾತು.
ಪ್ರೀತಿ, ಗುಲಾಬಿ ತಿನ್ನುತ್ತೇನೆ!
ಪ್ರೀತಿ, ಚಂದ್ರನನ್ನೂ ತಿನ್ನುತ್ತೇನೆ!
ಇಪ್ಪತ್ತೇಳು ಬಾಯಿ ಒಟ್ಟಿಗೆ ನಕ್ಕವು,
ಕಿಟಕಿ ನಡುಗಿದ್ದು ಗಾಳಿಗೋ ಇವರಿಗೋ.
ನನ್ನ ಕೈಯಲ್ಲಿ ಸೀಮೆಸುಣ್ಣ ಮುರಿಯಿತು.

ಸಂಜೆ ಹಾಳೆ ತಿದ್ದಲು ಕೂತೆ.
ಗುಲಾಬಿ ಹದಿನಾಲ್ಕು, ಚಂದ್ರ ಆರು, ಒಂದು ಫುಟ್‌ಬಾಲು
(ನಮ್ಮ ಗಾಳಿಯಲ್ಲಿ ಗುಲಾಬಿ ನಿಂತದ್ದನ್ನು ನಾನಂತೂ ಕಂಡಿಲ್ಲ).
ಮಿಯಾರಾಯ್‌ಳ ಹಾಳೆಯಲ್ಲಿ ಕೋಮೋ ಇರಲೇ ಇಲ್ಲ:

'ಅಪ್ಪನ ಏಡಿದೋಣಿ ದಡಕ್ಕೆ ಬರುವ ರಾತ್ರಿ
ಅಮ್ಮ ಅವನ ಕಾಲುಚೀಲ ಒಲೆಯ ಸರಳಿಗೆ ಹಾಕಿ ಬೆಚ್ಚಗಿಡುತ್ತಾಳೆ.
ಅವನು ಅದನ್ನು ತೊಟ್ಟ ಮೇಲೆ
ಜಗಳ ಶುರುಮಾಡುತ್ತಾಳೆ.'

ಇದು ಯಾವ ಅಲಂಕಾರ?
ಪಟ್ಟಿಯಲ್ಲಿ ಅದಕ್ಕೊಂದು ಕಾಲಂ ಉಂಟು,
ಖಾಲಿ ಬಿಡುವಂತಿಲ್ಲ.
ಉಪಮೆ ಅಲ್ಲ. ರೂಪಕ, ಊಹೂಂ. ಉತ್ಪ್ರೇಕ್ಷೆಯಂತೂ
ಆ ಅಮ್ಮನ ಹೊಸಿಲು ದಾಟಲಾರದು.
ಚಹಾ ಆರಿತು. ಪೆನ್ನಿನ ತುದಿ ಕಚ್ಚಿ ಕಚ್ಚಿ
ಕೊನೆಗೆ ಬರೆದೆ: ಉಣ್ಣೆ.

ಅಂಕ, ಏಳಕ್ಕೆ ಏಳು.
ಮೇಲಿನವರು ಕೇಳಿದರೆ
ಆಗ ನೋಡಿಕೊಂಡರಾಯಿತು.