ಹುಣಸೆಮರದ ಸ್ಟಾಪು

ಒಂದು ಸೀಟಿಗೆ ನಿಲ್ಲು, ಎರಡು ಸೀಟಿಗೆ ಹೊರಡು.
ಇಪ್ಪತ್ತೊಂಬತ್ತು ವರ್ಷ ಇಷ್ಟೇ ನನ್ನ ವ್ಯಾಕರಣ.
ಈಗ ಸುರಿನ್ ಸೀಮೆಯಲ್ಲಿ, ಮೂನ್ ನದಿಯ ದಡದಲ್ಲಿ,
ಪಿಂಚಣಿ ದುಡ್ಡಿನಲ್ಲಿ
ಹೊಸದಾಗಿ ಅಕ್ಷರಾಭ್ಯಾಸ:
ಪೈ ಅಂದರೆ ನಡೆ, ಹೌ ಅಂದರೆ ನಿಲ್ಲು,
ಬೆನ್ ಅಂದರೆ ತಿರುಗು,
ಸೊಂಗ್ ಸೂಂಗ್ ಅಂದರೆ
ಮುಂಗಾಲು ಮಡಿಸು ತಾಯಿ, ಈ ಮುದುಕಿಗೆ ಮೆಟ್ಟಿಲಾಗು.

ಮೆಟ್ಟಿಲಾದಳು. ನಾನು ಹತ್ತಲಿಲ್ಲ.
ಎರಡನೇ ಸಲ ಹತ್ತಿ, ಜಾರಿ, ಆ ಕಡೆ ಇಳಿದೆ.
ಸವೈ ಅಜ್ಜ ನಗಲಿಲ್ಲ. ಮೊಮ್ಮಗ ನಕ್ಕ.

ಕುತ್ತಿಗೆಯ ಮೇಲೆ ಕೂತರೆ ಗೊತ್ತಾಗುತ್ತದೆ
ಆನೆಯ ಕೂದಲು ಕೂದಲಲ್ಲ, ತಂತಿ.
ಚಲ್ಲಣ ದಾಟಿ ಚುಚ್ಚುತ್ತದೆ.
ಮೊಣಕಾಲು ಕಿವಿಯ ಹಿಂದೆ,
ಹೆಬ್ಬೆರಳು ಒತ್ತಿದ ಕಡೆ ದಾರಿ.
ಹಿಡಿಯಲು ಏನೂ ಇಲ್ಲ.
ಹಿಡಿಯಬೇಡ, ಅಂದ ಸವೈ, ಮೊಮ್ಮಗನ ಬಾಯಲ್ಲಿ,
ಅವಳು ತೂಗಿದ ಹಾಗೆ ತೂಗು.
ಸರಿ ಬಿಡಪ್ಪ, ಇದು ನನಗೆ ಬರುತ್ತದೆ.
ಕಂಬಿ ಹಿಡಿಯದೆ ಚಿಲ್ಲರೆ ಎಣಿಸಿದ ಸೊಂಟ ಇದು.

ಮೂರು ದಿನಕ್ಕೆ ಸವಾರಿ ಬಂತು.
ಬಾರದೆ ಉಳಿದದ್ದು ಉಳಿದದ್ದೆಲ್ಲ:
ಬೆಳಕು ಹರಿಯುವ ಮೊದಲು ಉಗುರು ನೋಡು,
ಬುಡದಲ್ಲಿ ಬೆವರಿದ್ದರೆ ಮೈ ನೆಟ್ಟಗಿದೆ,
ಒಣಗಿದ್ದರೆ ಇವತ್ತು ರಜೆ.
ಪಕ್ಕೆಗೆ ಮಣ್ಣು ಮೆತ್ತಿದ್ದರೆ ಮಲಗಿದ್ದಾಳೆ,
ಇಲ್ಲದಿದ್ದರೆ ರಾತ್ರಿಯಿಡೀ ನಿಂತು
ಏನನ್ನೋ ಯೋಚಿಸಿದ್ದಾಳೆ.
ಲದ್ದಿ ಎಣಿಸು. ಒಂದನ್ನು ಒಡೆದು ಮೂಸು.
ಟ್ರಿಪ್ ಶೀಟು ಬರೆದ ಕೈಗೆ ಎಣಿಕೆ ಹೊಸದಲ್ಲ,
ಮೂಸುವುದು ಹೊಸದು.
ಹುಣಸೆಗೆ ಉಪ್ಪು ಕಲಸಿ ಉಂಡೆ ಕಟ್ಟಿ
ನಾಲಿಗೆಯ ಹಿಂದಕ್ಕೆ ಇಡಬೇಕು,
ಮೊಣಕೈವರೆಗೂ ಅವಳ ಬಾಯೊಳಗೆ ಹೋಗಿ.
ಬೆಚ್ಚಗಿತ್ತು. ಯಾವ ಗರ್ಭಗುಡಿಯ ಮುಂದೆಯೂ
ನಾನು ಅಷ್ಟು ಭಯಭಕ್ತಿಯಿಂದ ಕೈ ಚಾಚಿದ್ದಿಲ್ಲ.

ಅಂಗಳದ ಪುಟ್ಟ ಗೂಡಿನಲ್ಲಿ ಒಂದು ಹಗ್ಗ, ಎಮ್ಮೆತೊಗಲಿನದು.
ಕೂಯ್ ಹಿರಿಯರು ಕಾಡಾನೆ ಹಿಡಿಯಲು ಒಯ್ಯುತ್ತಿದ್ದದ್ದು.
ಈಗ ದೇವರು. ಹೆಂಗಸರು ಮುಟ್ಟಕೂಡದು.
ಮುಟ್ಟಲಿಲ್ಲ.
ನಮ್ಮ ಡಿಪೋದಲ್ಲಿ ಸ್ಟೇರಿಂಗೂ ಹಾಗೇ ಇತ್ತು.

ಅವಳ ಹೆಸರು ಪಿಕುನ್. ಹೂವಂತೆ.
ಹುಡುಗ ಫೋನಿನಲ್ಲಿ ತೋರಿಸಿದ.
ಅಯ್ಯೋ, ಬಕುಳ! ಒಣಗಿದರೂ ವಾಸನೆ ಬಿಡದ್ದು.
ಆಮೇಲಿಂದ ಬಕುಳಾ ಅಂತಲೇ ಕರೆದೆ.
ಒಂದು ಸಲವೂ ತಿರುಗಿ ನೋಡಲಿಲ್ಲ.

ನದಿಯಲ್ಲಿ ತಿಕ್ಕುವಾಗ ಕಂಡದ್ದು
ಬಾಲದ ಸುತ್ತ ಮಾಯ್ದ ಗಾಯದ ಗೆರೆ.
ಸವೈ ಹೇಳಿದ: ಕಾಡು ಹೋಗಿ ನೀಲಗಿರಿ ತೋಪಾಯಿತು,
ಮೇವು ದುಡ್ಡಿಗೆ ಬಿತ್ತು,
ಇವಳನ್ನು ಹೊಡೆದುಕೊಂಡು ಬ್ಯಾಂಕಾಕಿಗೆ ಹೋದೆ, ಹನ್ನೊಂದು ವರ್ಷ.
ರಾತ್ರಿ ಹೊತ್ತು, ಅಂಗಡಿ ಬೀದಿ,
ಕಬ್ಬಿನ ತುಂಡಿನ ಚೀಲ ಇಪ್ಪತ್ತು ಬಾತು,
ಕೊಂಡವರು ಇವಳಿಗೇ ತಿನ್ನಿಸಬೇಕು.
ಹಿಂದಿನ ಕಾರು ಗುದ್ದದಿರಲಿ ಅಂತ
ಬಾಲಕ್ಕೆ ತಂತಿಯಲ್ಲಿ ಒಂದು ಹಳೇ ಸಿ.ಡಿ. ಕಟ್ಟಿದ್ದೆ.
ಹೊಳೆಯುತ್ತಿತ್ತು, ಅಂದ. ಆಮೇಲೆ ಏನೂ ಅನ್ನಲಿಲ್ಲ.

ನಾನು ಬ್ರಷ್ಷು ನಿಲ್ಲಿಸಿದೆ.
ಹಾಗಾದರೆ ನಿನ್ನದೂ ಸಿಟಿ ಸರ್ವೀಸು.
ಹಾಗಾದರೆ ಡಾಂಬರಿನ ಕಾವು ಗೊತ್ತು ನಿನಗೆ,
ಚಿಲ್ಲರೆಯ ಸದ್ದು, ಕುಡಿದವರ ಕೈ,
ಅಂಗಾಲಿನ ಈ ಬಿರುಕು—
ಸೀರೆ ಎತ್ತಿ ತೋರಿಸಿದೆ
ಮೀನಖಂಡದಲ್ಲಿ ಗಂಟುಗಟ್ಟಿದ ನನ್ನ ನೀಲಿ ನರಗಳನ್ನು.
ಸೊಂಡಿಲು ಬಂತು, ಮೂಸಿತು,
ಸೋಪು ಎತ್ತಿಕೊಂಡು ಹೋಯಿತು.

ನದಿಯ ದಾರಿಯಲ್ಲಿ ಒಂದು ಹುಣಸೆಮರ.
ದಿನಾ ಅಲ್ಲಿ ನಿಲ್ಲುತ್ತಾಳೆ, ಹೌ ಅನ್ನದೆಯೇ.
ಕೊನೆಯ ದಿನ ಕೇಳಿದೆ, ಯಾಕೆ?
ಮರಿ ಸತ್ತ ಜಾಗವೇ? ಅಲ್ಲ.
ನೆರಳಿಗೇ? ಮೋಡವಿದ್ದರೂ ನಿಲ್ಲುತ್ತಾಳೆ.
ನಾನೂ ಕೇಳಿ ಕೇಳಿ ಸಾಕಾಯಿತು, ಅಂದ ಸವೈ,
ಪೈ ಅನ್ನು, ಹೋಗುತ್ತಾಳೆ.

ಕುತ್ತಿಗೆಯ ಮೇಲಿಂದ ಹಿಂದೆ ತಿರುಗಿ ನೋಡಿದೆ. ಅಭ್ಯಾಸ.
ಕೆಂಪು ಮಣ್ಣಿನ ರಸ್ತೆ, ಒಂದು ಸೈಕಲ್ಲು, ದೂರದಲ್ಲಿ.
ಇಳಿಯುವವರು ಯಾರೂ ಇರಲಿಲ್ಲ.
ಹತ್ತುವವರೂ ಕಾಣಲಿಲ್ಲ.
ಅವಳು ಕಿವಿ ಬೀಸುವುದನ್ನೂ ನಿಲ್ಲಿಸಿದ್ದಳು.
ನಾನು ಪೈ ಅನ್ನಲಿಲ್ಲ.